ಕೂಡಲು ಬರುವ ಕಾಲು

ಬಟ್ಟಂಬಾಂಗ್, ಕಾಂಬೋಡಿಯಾ
18 ಆಗಸ್ಟ್ 2024

ಅವ್ವಾ,

ನಿನಗೆ ನಿನ್ನ ಮಗಳ ಜೈ ಭೀಮ್. ಓಣಿಯಲ್ಲಿ ಎಲ್ಲರಿಗೂ ಹೇಳು. ಪಕ್ಕದ ಮನೆ ಮಲ್ಕಮ್ಮ ಕಾಕಿಗೆ ಮೊದಲು ಹೇಳು, ಇಲ್ಲದಿದ್ದರೆ ಆಕೆ ವಾರಗಟ್ಟಲೆ ಮುಖ ಊದಿಸಿಕೊಂಡು ಕೂಡುತ್ತಾಳೆ.

ಫೋನಿರುವಾಗ ಕಾಗದ ಯಾಕೆ ಎಂದು ಕನ್ನಡಕ ಹುಡುಕುತ್ತ ನೀನು ಬೈಯುತ್ತಿರುತ್ತೀ. ಕಾರಣ ನಿನಗೇ ಗೊತ್ತು. ಕಾಲಿನ ಮಾತು ತೆಗೆದರೆ ಸಾಕು, ‘ಹಲೋ, ಏನೂ ಕೇಳವಲ್ದು ಬೇ’ ಅಂದು ಇಟ್ಟುಬಿಡುತ್ತೀ. ಅದಕ್ಕೂ ಮೊದಲು ತೊಗರಿ ಬಿತ್ತನೆ, ಆಕಳು, ಬಸ್ಸು ಎಲ್ಲ ಚೆನ್ನಾಗಿ ಕೇಳಿಸಿರುತ್ತದೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ನೀನೇ ಓದಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಬೇರೆಯವರ ಕೈಗೆ ಕೊಡಬೇಡ. ತಂದುಕೊಟ್ಟವರು ಸುನೀಲಕುಮಾರ ಸರ್, ಜೇವರ್ಗಿಯ ಹಲ್ಲಿನ ಡಾಕ್ಟರ್. ನನ್ನ ಹಾಗೆಯೇ ನಮ್ಮ ಬೌದ್ಧ ಸಂಘದಿಂದ ಇಲ್ಲಿಗೆ ಸೇವೆಗೆ ಬಂದು, ಅವಧಿ ಮುಗಿಸಿ ಊರಿಗೆ ಹೊರಟಿದ್ದಾರೆ. ಅವರಿಗೆ ಒಂದು ಕಪ್ ಚಹಾ ಕೊಡು. ನನ್ನ ಬಗ್ಗೆ ಕೇಳಿದರೆ ಆರಾಮಿದ್ದಾಳೆ ಅನ್ನುತ್ತಾರೆ. ಹಾಗೆ ಹೇಳಿ ಎಂದು ನಾನೇ ಹೇಳಿ ಕಳಿಸಿದ್ದೇನೆ.

ಆರಾಮಿಲ್ಲ ಅವ್ವಾ. ಜ್ವರವಿಲ್ಲ, ನೋವಿಲ್ಲ, ಆದರೆ ದಣಿದುಹೋಗಿದ್ದೇನೆ. ಬೆಳಿಗ್ಗೆ ಏಳಕ್ಕೆ ಕೃತಕ ಕಾಲಿನ ಅಚ್ಚಿಗೆ ಪ್ಲಾಸ್ಟರ್ ಕಲಸಲು ಕೂತರೆ ಸಂಜೆಯ ತನಕ ಅಚ್ಚು ತೆಗೆಯುವುದು, ಪ್ಲಾಸ್ಟಿಕ್ ಹಾಳೆ ಕಾಯಿಸಿ ಅಚ್ಚಿನ ಮೇಲೆ ಎಳೆಯುವುದು, ಕೊರೆಯುವುದು, ಉಜ್ಜುವುದು. ಬೆರಳ ಸಂದುಗಳೆಲ್ಲ ಬಿರಿದಿವೆ. ನೆಲದಲ್ಲಿ ಹುಗಿದ ಬಾಂಬು ತುಳಿದು ಕಾಲು ಕಳೆದುಕೊಂಡವರು ಇಲ್ಲಿ ಊರಿಗೆ ನಾಲ್ಕೈದು ಜನ. ಯುದ್ಧ ಯಾವಾಗಲೋ ಮುಗಿದಿದೆ, ಕಾಲಿನ ಸಾಲು ಮುಗಿದಿಲ್ಲ. ಭಾಷೆ ಬರುವುದಿಲ್ಲ. ಮಾತಾಡಲು ಇರುವುದು ಗಯಾದಲ್ಲಿ ಓದಿಬಂದ ಇಲ್ಲಿಯ ಒಬ್ಬ ಭಿಕ್ಷು, ಭಂತೇಜಿ. ಅವರ ಹಿಂದಿ, ನನ್ನ ಕಲಬುರಗಿ ಹಿಂದಿ, ಎರಡೂ ಸೇರಿದರೂ ಒಂದು ಪೂರಾ ಹಿಂದಿ ಆಗುವುದಿಲ್ಲ.

ಆಳಂದದ ವಿಹಾರದಲ್ಲಿ ಸಂಘದವರು, ಕೈಯಲ್ಲಿ ವಿದ್ಯೆ ಇದ್ದವರು ಆರು ತಿಂಗಳು ಆ ವಿದ್ಯೆಯನ್ನೇ ಧಮ್ಮಕ್ಕೆ ದಾನ ಕೊಡಿ ಎಂದು ಕೇಳಿದಾಗ ಮೊದಲು ಎದ್ದು ನಿಂತವಳು ನಾನು. ನೀನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡದ್ದು ನೆನಪಿದೆ. ಈಗ ಒಂಬತ್ತು ತಿಂಗಳಾಯಿತು. ಸಂಘದವರು ಬಿಡುತ್ತಿಲ್ಲ ಎಂದು ನಿನಗೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಮೇ ತಿಂಗಳಲ್ಲಿಯೇ ಅವರು ಟಿಕೆಟ್ ಕಳಿಸಿದ್ದರು, ಬೇಡ ಎಂದವಳು ನಾನು. ಊರಿಗೆ ಬಂದರೆ ನಾನು ನಿನಗೆ ಮಾಡಿಕೊಟ್ಟ, ನೀನು ಟ್ರಂಕಿನ ಮೇಲೆ ಸೀರೆ ಸುತ್ತಿಟ್ಟ ಆ ಕಾಲನ್ನು ನೋಡಬೇಕಲ್ಲ, ಅದಕ್ಕೆ.

ಸಿಟ್ಟು ಮಾಡಿಕೊಂಡು ಇಲ್ಲಿಗೇ ನಿಲ್ಲಿಸಬೇಡ. ಮುಂದೆ ಓದು. ಇಲ್ಲಿಯ ಒಬ್ಬ ಮುದುಕಿಯ ವಿಷಯ ಹೇಳಬೇಕು.

ಆಕೆಯ ಹೆಸರು ಚಂಥಾ. ಅಜ್ಜಿಗೆ ಇಲ್ಲಿ ಯೇಯ್ ಅನ್ನುತ್ತಾರೆ, ಹಾಗಾಗಿ ಯೇಯ್ ಚಂಥಾ. ನಿನಗಿಂತ ಏಳೆಂಟು ವರ್ಷ ದೊಡ್ಡವಳು. ಎಡಗಾಲು ಮೊಣಕಾಲ ಕೆಳಗೆ ಇಲ್ಲ. ನಿನ್ನದು ಬಲಗಾಲು, ಆಕೆಯದು ಎಡಗಾಲು, ಅಷ್ಟೇ ವ್ಯತ್ಯಾಸ. ಏಪ್ರಿಲ್‌ನಲ್ಲಿ ಆಕೆಗೆ ಕಾಲು ಮಾಡಿಕೊಟ್ಟೆ. ನಾನು ಮಾಡಿದ ಕಾಲುಗಳಲ್ಲೇ ಚೆಂದದ ಕಾಲು. ಹಾಕಿಕೊಂಡ ಮೂರನೇ ದಿನಕ್ಕೆ ಕೋಲಿಲ್ಲದೆ ಅಂಗಳ ದಾಟಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಆ ಫೋಟೋ ನಿನಗೂ ಕಳಿಸಿದ್ದೆ. ನೀನು ಒಂದು ಕೈ ಮುಗಿಯುವ ಚಿತ್ರ ಮಾತ್ರ ಹಾಕಿದ್ದೆ.

ನಮ್ಮ ಕಾರ್ಖಾನೆ ಇರುವುದು ವಿಹಾರದ ಆವರಣದಲ್ಲೇ. ಜುಲೈ ಅಮಾವಾಸ್ಯೆಯ ದಿನ ಊಟದ ಹೊತ್ತಿಗೆ ಹೊರಗೆ ಬಂದರೆ, ವಿಹಾರದ ಒಳಗೆ ವಂದನೆ ನಡೆದಿದೆ, ಯೇಯ್ ಚಂಥಾ ಹೊರಗೆ ಮಾವಿನ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ. ಕಾಲು ಬಿಚ್ಚಿ ಚೌಕಳಿ ಪಂಚೆಯಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದಾಳೆ. ಒತ್ತುತ್ತಿರಬೇಕು ಅಂದುಕೊಂಡೆ. ಗಾಯವಾಗಿದೆಯೇ ಎಂದು ನೋಡಿದೆ, ಏನೂ ಇಲ್ಲ. ಮುಂದಿನ ಹುಣ್ಣಿಮೆಗೂ ಅಲ್ಲೇ. ಇಷ್ಟು ಚೆಂದದ ಕಾಲು ಕೊಟ್ಟರೂ ಬಿಚ್ಚಿಡುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು. ಈ ಸಿಟ್ಟು ನನಗೆ ಹೊಸದಲ್ಲ, ನಿನಗೂ ಗೊತ್ತು. ಭಂತೇಜಿಯನ್ನು ಕರೆದುಕೊಂಡು ಬಂದು ಕೇಳಿಸಿದೆ. ಆಕೆ ನನ್ನ ಮುಖ ನೋಡದೆ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ಕೊನೆಗೆ ನನ್ನ ಕೈ ಹಿಡಿದು ಒರಟಾದ ಅಂಗೈ ಸವರಿದಳು.

ಭಂತೇಜಿ ತಿಳಿಸಿದ್ದು ಇಷ್ಟು. ಇಲ್ಲಿ ಹೆಂಗಸರು ಬುದ್ಧನ ಮುಂದೆ ಕೂಡುವಾಗ ಎರಡೂ ಕಾಲು ಒಂದೇ ಪಕ್ಕಕ್ಕೆ ಮಡಚಿ, ಪಾದಗಳನ್ನು ಹಿಂದಕ್ಕೆ ಇಟ್ಟುಕೊಳ್ಳಬೇಕು. ಪಾದ ಬುದ್ಧನ ಕಡೆಗೆ ತೋರಬಾರದು, ಭಂತೇಜಿಯ ಕಡೆಗೂ ತೋರಬಾರದು. ನಾನು ಮಾಡಿದ ಕಾಲಿನಲ್ಲಿ, ಮೊಂಡುಗಾಲು ಇಳಿಯುವ ಬಟ್ಟಲಿನ ಹಿಂದಿನ ಅಂಚು ಎತ್ತರ. ಮೊಣಕಾಲು ಪೂರ್ತಿ ಮಡಚಲು ಹೋದರೆ ಅದು ತೊಡೆಗೆ ತಾಗುತ್ತದೆ. ಹಾಗಾಗಿ ಆಕೆ ಕೂತರೆ ರಬ್ಬರಿನ ಪಾದ ನೇರ ಬುದ್ಧನ ಮುಖಕ್ಕೇ ಚಾಚಿಕೊಂಡಿರುತ್ತದೆ. ಎಲ್ಲರ ಮುಂದೆ ಒಳಗೆ ಬಿಚ್ಚಿಡಲು ನಾಚಿಕೆ. ಕಾಲು ಇಲ್ಲದಾಗ ಆಕೆ ಬಗಲುಗೋಲಿನ ಮೇಲೆ ಬಂದು, ಮೊಂಡುಗಾಲನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಮೊದಲ ಸಾಲಿನಲ್ಲಿ ಕೂಡುತ್ತಿದ್ದಳಂತೆ. ಕಾಲು ಬಂದ ಮೇಲೆ ಹೊರಗೆ ಕೂಡುತ್ತಿದ್ದಾಳೆ. ಮತ್ತೆ ಬಗಲುಗೋಲು ಹಿಡಿದು ಬಂದರೆ ಭಾರತದಿಂದ ಬಂದ ಮಗಳು ನೊಂದುಕೊಳ್ಳುತ್ತಾಳೆ ಅಂತ.

ಇದನ್ನು ನಾನು ಮೊದಲೇ ಯಾಕೆ ಕೇಳಲಿಲ್ಲ ಗೊತ್ತೇನು? ನಾನೂ ಬೌದ್ಧಳಲ್ಲವೇ ಎಂಬ ಸೊಕ್ಕು. ಬೇರೆ ಧರ್ಮದವರಾಗಿದ್ದರೆ ನೀವು ಹೇಗೆ ಕೂಡುತ್ತೀರಿ, ಹೇಗೆ ಪೂಜೆ ಮಾಡುತ್ತೀರಿ ಎಂದು ಕೇಳಿರುತ್ತಿದ್ದೆ. ನಮ್ಮವರೇ ಎಂದುಕೊಂಡು ಕೇಳಲಿಲ್ಲ. ನಮ್ಮ ಆಳಂದದ ವಿಹಾರದಲ್ಲಿ ನಾವು ಹೆಂಗೆಂದರೆ ಹಂಗೆ ಕೂಡುತ್ತೇವೆ. ವಂದನೆ ಉದ್ದವಾದರೆ ನೀನೇ ಕಾಲು ಚಾಚಿ ಮೊಣಕಾಲು ನೀವಿಕೊಳ್ಳುತ್ತಿದ್ದೆ, ಬುದ್ಧನೂ ಏನೂ ಅನ್ನಲಿಲ್ಲ, ಬಾಬಾಸಾಹೇಬರ ಫೋಟೋವೂ ಏನೂ ಅನ್ನಲಿಲ್ಲ. ಬೌದ್ಧರೆಂದರೆ ನಾವು ಕೂತ ಹಾಗೆ ಕೂಡುವವರು ಅಂತ ತಿಳಿದಿದ್ದೆ.

ಅದೇ ದಿನ ಆ ಕಾಲನ್ನು ವಾಪಸ್ ತೆಗೆದುಕೊಂಡು ಹಿಂದಿನ ಅಂಚು ಉಜ್ಜಲು ಕೂತೆ. ಅರ್ಧ ಇಂಚು ಇಳಿಸಿರಬಹುದು, ಆಗ ನಿನ್ನ ಮಾತು ನೆನಪಾಯಿತು. ಎರಡು ವರ್ಷದ ಹಿಂದಿನ ಮಾತು. ತೊಗರಿ ಕೂಳೆ ಚುಚ್ಚಿದ ಗಾಯಕ್ಕೆ ಸಕ್ಕರೆ ಕಾಯಿಲೆ ಸೇರಿ ನಿನ್ನ ಕಾಲು ಹೋದ ಮೇಲೆ, ಕಲಬುರಗಿಯಲ್ಲಿ ನನ್ನ ಕೈಯಾರೆ ಮಾಡಿದ ಕಾಲನ್ನು ನಿನಗೆ ಹಾಕಿ, ಗೋಡೆ ಹಿಡಿಸಿ ನಿಲ್ಲಿಸಿದ್ದೆ. ನೀನು ನಾಲ್ಕು ಹೆಜ್ಜೆ ನಡೆದು ನಿಂತು ಹೇಳಿದೆ:

‘ನಿಲ್ಲಾಕ ಚಲೋ ಐತಿ ಶೀಲಾ. ಖರೆ ಕೂಡಾಕ ಕೊಡಂಗಿಲ್ಲ ಇದು.’

ನಾನು ಸ್ಕ್ರೂ ಬಿಗಿ ಮಾಡುತ್ತಿದ್ದೆ, ತಲೆ ಎತ್ತಿ ಸಹ ನೋಡಲಿಲ್ಲ. ಇನ್ನು ನೆಲದ ಮೇಲೆ ಯಾಕೆ ಕೂಡಬೇಕು, ಸ್ಟೂಲ್ ತಂದುಕೊಡುತ್ತೇನೆ, ಗ್ಯಾಸಿನ ಕಟ್ಟೆ ಮಾಡಿಸುತ್ತೇನೆ ಅಂದೆ. ಮಾಡಿಸಿಯೂ ಕೊಟ್ಟೆ. ಕಾಲು ಹಾಕಿದವರನ್ನು ನಾವು ಕೂಡಿಸಿಯೂ ನೋಡುತ್ತೇವೆ ಅವ್ವಾ, ಆದರೆ ಕುರ್ಚಿಯ ಮೇಲೆ.

ನಮ್ಮೂರು ನರೋಣಾದ ಮದುವೆಗಳಿಗೆಲ್ಲ ಖಡಕ್ ರೊಟ್ಟಿ ಬಡಿದುಕೊಟ್ಟ ಸಾಬವ್ವ ನೀನು. ಸ್ಟೂಲಿನ ಮೇಲೆ ಕೂತು ಬಡಿದರೆ ರೊಟ್ಟಿಯ ಅಂಚು ಹರಿಯುತ್ತಿತ್ತು. ವಯಸ್ಸಾಯಿತು, ಕೈ ಸೋತಿತು ಅಂದುಕೊಂಡೆ. ಒಂದು ಭಾನುವಾರ ಬಂದು ನೋಡಿದರೆ ನೀನು ಕಾಲು ಬಿಚ್ಚಿ ಟ್ರಂಕಿನ ಮೇಲಿಟ್ಟು, ಹಳೆಯ ಒಲೆಯ ಮುಂದೆ ನೆಲದ ಮೇಲೆ ಕೂತಿದ್ದೆ. ಹಿಟ್ಟಿನ ಡಬ್ಬಿಗೂ ನೀರಿನ ಕೊಡಕ್ಕೂ ಕೂತಲ್ಲೇ ಸರಿಯುತ್ತ ಹೋಗುತ್ತಿದ್ದೆ. ಎಬ್ಬಿಸಲು ಮಲ್ಕಮ್ಮ ಕಾಕಿ ಬೇಕಾಗುತ್ತಿತ್ತು. ರೊಟ್ಟಿ ಮಾತ್ರ ಮೊದಲಿನ ಹಾಗೆ ತೆಳ್ಳಗೆ ಬರುತ್ತಿದ್ದವು. ನಾನು ರೊಟ್ಟಿ ನೋಡಲಿಲ್ಲ. ಕಾಲು ಮಾಡುವವಳ ತಾಯಿ ಹೀಗೆ ನೆಲದ ಮೇಲೆ ಸರಿಯುತ್ತಾಳಲ್ಲ, ಮಂದಿ ನೋಡಿದರೆ ಏನಂದಾರು ಎಂದು ಬಾಗಿಲು ಮುಂದೆ ಮಾಡಿದೆ.

ಆಮೇಲೆ ನನ್ನನ್ನು ಇಲ್ಲಿಗೆ ಕಳಿಸುವ ಹಿಂದಿನ ದಿನ. ವಿಹಾರದಲ್ಲಿ ಸಮಾರಂಭ. ಮಗಳು ಮಾಡಿದ ಕಾಲಿನ ಮೇಲೆ ತಾಯಿ ವೇದಿಕೆ ಹತ್ತಲಿ ಎಂದು ಸಂಘದವರಿಗೆ ಆಸೆ, ಅವರಿಗಿಂತ ಹೆಚ್ಚು ನನಗೆ. ನೀನು ಬಗಲುಗೋಲು ಹಿಡಿದು ಬಂದೆ. ಮನೆಗೆ ಬಂದ ಮೇಲೆ ನಾನು ಆಡಿದ್ದನ್ನು ಇಲ್ಲಿ ಪೂರಾ ಬರೆಯುತ್ತೇನೆ, ಮರೆತಿದ್ದೇನೆ ಎಂದು ನೀನು ತಿಳಿಯಬಾರದು. ‘ಇಡೀ ಜಿಲ್ಲಾಕ್ಕ ಕಾಲು ಮಾಡಿ ಕೊಟ್ಟೇನಿ. ನಮ್ಮವ್ವಗ ಅಷ್ಟ ನನ್ನ ಕಾಲು ಬ್ಯಾಡಾಗೇದ. ನಿನಗ ನಡೀಬೇಕಂತ ಮನಸ್ಸೇ ಇಲ್ಲ’ ಅಂದೆ. ನೀನು ಒಲೆಯ ಮುಂದೆ ಕೂತು ಹಿಟ್ಟಿನ ಡಬ್ಬಿ ಎಳೆದುಕೊಂಡೆ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಕೈಗೆ ಕೊಟ್ಟೆ.

ರೊಟ್ಟಿ ಎಷ್ಟು ದಿನ ಬಂದವು ಎಂದು ನೀನು ಮೂರು ಸಲ ಕೇಳಿದ್ದೀ. ಒಂದು ತಿಂಗಳು ಬಂದವು, ಇಲ್ಲಿಯವರೂ ತಿಂದು ಮೆಚ್ಚಿದರು ಅಂದಿದ್ದೆ. ನಮ್ಮ ರೊಟ್ಟಿ ವಿಮಾನ ಹತ್ತಿತು ಎಂದು ನೀನು ಓಣಿಗೆಲ್ಲ ಹೇಳಿದ್ದೀ ಎಂದು ಕಾಕಿ ಹೇಳಿದಳು. ಅವು ವಿಮಾನ ಹತ್ತಲಿಲ್ಲ ಅವ್ವಾ. ಕಲಬುರಗಿ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬಸ್ಸಿನ ಸೀಟಿನ ಮೇಲೆ ಗಂಟು ಬಿಟ್ಟು ಇಳಿದೆ. ಕಂಡಕ್ಟರ್ ‘ಅಕ್ಕಾರ, ಗಂಟು’ ಎಂದು ಕೂಗಿದ. ನನ್ನದಲ್ಲ ಅಂದೆ. ನೆಲದ ಮೇಲೆ ಕೂತು ಬಡಿದ ರೊಟ್ಟಿ ಎಂಬ ಸಿಟ್ಟು ತಲೆಗೇರಿತ್ತು. ಕಾಲು ಬಿಚ್ಚಿಟ್ಟು ನೀನು ನಲವತ್ತು ರೊಟ್ಟಿ ಬಡಿದದ್ದು ನನಗಾಗಿ ಎಂದು ಯೋಚಿಸಲಿಲ್ಲ. ನನ್ನನ್ನು ಬೈದುಬಿಡು. ಬೈದರೆ ಸ್ವಲ್ಪ ಹಗುರಾದೀತು.

ಯೇಯ್ ಚಂಥಾಳ ಕಾಲು ಸರಿಯಾಗಲು ಹನ್ನೊಂದು ದಿನ ಹಿಡಿಯಿತು. ಮೂರು ಸಲ ತಪ್ಪಿತು. ಬಟ್ಟಲು ಹೊಸದಾಗಿ ಮಾಡಿ, ಹಿಂದೆ ಇಳಿಸಿ, ಪಕ್ಕಕ್ಕೆ ಹೊರಳುವ ಮೆತ್ತನೆಯ ಪಾದ ಹಾಕಿದೆ. ಈ ಸಲ ಗೋಡೆ ಹಿಡಿಸಿ ನಿಲ್ಲಿಸಲಿಲ್ಲ. ಮೊದಲು ಒಳಗೆ ಕರೆದುಕೊಂಡು ಹೋಗಿ ಕೂಡಿಸಿದೆ. ಆಕೆ ಎರಡೂ ಪಾದ ಹಿಂದಕ್ಕೆ ಎಳೆದುಕೊಂಡು, ಕೈ ಮುಗಿದು, ನೆಲಕ್ಕೆ ಹಣೆ ಹಚ್ಚಿದಳು. ಫೋಟೋ ಯಾರೂ ತೆಗೆಯಲಿಲ್ಲ. ನಾನು ಹೊರಗೆ ಬಂದು ಆಕೆ ಕೂಡುತ್ತಿದ್ದ ಮಾವಿನ ಮರದ ಕೆಳಗೆ ಕೂತು ಚೆನ್ನಾಗಿ ಅತ್ತೆ.

ಈಗ ಸಂಘದವರೇ ಇನ್ನೂ ಒಂದು ವರ್ಷ ಇರು ಅಂದಿದ್ದಾರೆ. ಆಗುವುದಿಲ್ಲ ಎಂದು ನಿನ್ನೆ ತಿಳಿಸಿದೆ. ಅಕ್ಟೋಬರ್ ಮೊದಲ ವಾರ ಬರುತ್ತೇನೆ. ಟ್ರಂಕಿನ ಮೇಲಿನ ಕಾಲನ್ನು ಬಿಸಾಡಬೇಡ, ಅದರ ಪಟ್ಟಿ ಕೆಲಸಕ್ಕೆ ಬರುತ್ತದೆ. ನಾನು ಬರುತ್ತಿರುವುದು ನಿನ್ನನ್ನು ನಡೆಸಲು ಅಲ್ಲ, ವೇದಿಕೆ ಹತ್ತಿಸಲೂ ಅಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿದು, ಯಾರನ್ನೂ ಕೂಗದೆ ನೀನೇ ಎದ್ದು ನೀರು ತರುವ ಹಾಗೆ ಒಂದು ಕಾಲು ಮಾಡಬೇಕು. ಇನ್ನೊಂದು ಸಲ ನನ್ನ ಕೈಗೆ ನಿನ್ನ ಕಾಲು ಕೊಡುತ್ತೀಯಾ? ಒಲ್ಲೆ ಅಂದರೂ ಬರುತ್ತೇನೆ, ಆದರೆ ಕೊಡು.

ಬಹಳ ದಣಿದ ನಿನ್ನ ಮಗಳು,
ಪಂಚಶೀಲಾ

ಮರೆತ ಮಾತು: ನಿನ್ನ ಹೊಸ ಕಾಲಿನ ನಕ್ಷೆ ಬರೆಯಲು ನಾಲ್ಕು ದಿನದಿಂದ ಕೂಡುತ್ತಿದ್ದೇನೆ, ಮುಂದೆ ಹೋಗುತ್ತಿಲ್ಲ. ಎರಡೂ ಕಾಲಿದ್ದಾಗ ನೀನು ರೊಟ್ಟಿ ಬಡಿಯಲು ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂಡುತ್ತಿದ್ದೆ. ಮಡಚುತ್ತಿದ್ದದ್ದು ಬಲಗಾಲಾದರೆ ಹೊಸ ಕಾಲೇ ಬೇಕು. ಚಾಚುತ್ತಿದ್ದದ್ದು ಬಲಗಾಲಾದರೆ ಹಳೆಯದನ್ನೇ ಉಜ್ಜಿದರೆ ಸಾಕು. ನಿನ್ನ ಮೊಂಡುಗಾಲಿನ ಸುತ್ತಳತೆ ನನಗೆ ಇಂದಿಗೂ ಬಾಯಿಪಾಠ. ಆದರೆ ಮೂವತ್ತು ವರ್ಷ ನಿನ್ನ ಎದುರಿಗೇ ಕೂತು ಹಂಚಿನ ಮೇಲಿನ ಬಿಸಿ ರೊಟ್ಟಿ ತಿಂದಿದ್ದೇನೆ, ನೀನು ಮಡಚುತ್ತಿದ್ದದ್ದು ಯಾವ ಕಾಲು ಎಂಬುದು ನನಗೆ ಗೊತ್ತಿಲ್ಲ. ಫೋನ್ ಮಾಡುತ್ತೇನೆ, ಇಡಬೇಡ. ಯಾವ ಕಾಲು ಎಂದು ಹೇಳವ್ವಾ.