ತಗಡಿನ ಮೇಲಿನ ಕಲ್ಲು

ಮೇ ೧೪, ಬುಧವಾರ. ಬುಕ್ಕಸಾಗರ.

ಇವತ್ತು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ದೇವರು ದೊಡ್ಡವನು, ಮಗು ಉಳೀತು. ಕೇಳಿ ಕೇಳಿ ಮೈ ಉರಿದುಹೋಗಿದೆ.

ನಿನ್ನೆ ಸಂಜೆಯ ಗಾಳಿಗೆ ನಮ್ಮ ಮನೆ ಮೇಲಿನ ತಗಡು ಎದ್ದುಹೋಯಿತು. ಅದು ಹಾರದಿರಲಿ ಎಂದು ಇವರು ಮೇಲೆ ಹೇರಿದ್ದ ಗುಂಡುಕಲ್ಲು ನೇರ ಮಂಚದ ಮೇಲೆ ಬಿತ್ತು. ಮಗಳು ತುಳಸಿ ದಿನಾ ಮಲಗುವ ಜಾಗ. ಗಾಳಿ ಎದ್ದ ಕೂಡಲೇ ಅವಳನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿದವಳು ನಾನು. "ಕಲ್ಲು ಬ್ಯಾಡ್ರಿ, ಬೋಲ್ಟ್ ಹಾಕ್ರಿ" ಅಂತ ಯುಗಾದಿಯಿಂದ ಬಡಕೊಂಡವಳೂ ನಾನು. ಹೆಸರು ಮಾತ್ರ ದೇವರಿಗೆ. ಇವರಂತೂ ಬಂದವರ ಮುಂದೆ ಗಾಳಿಯ ಜೋರನ್ನೇ ಹೇಳಿದರು, ಕಲ್ಲಿನ ಸುದ್ದಿ ಎತ್ತಲಿಲ್ಲ.

ಮಧ್ಯಾಹ್ನ ಗದ್ದೆಯಲ್ಲಿ ಬಿದ್ದಿದ್ದ ತಗಡು ತಂದು ಹೊದಿಸಿದರು. ಆಮೇಲೆ ಏಣಿ ಮೇಲಿಂದ ಕೈ ಚಾಚಿ, "ಆ ಕಲ್ಲು ಕೊಡು" ಅಂದರು. ಅದೇ ಕಲ್ಲು. ನಾನು ಅದರ ಮೇಲೆ ಕೂತುಬಿಟ್ಟೆ.

"ಏಳು, ಮಂದಿ ನೋಡ್ತಾರ."

"ನೋಡ್ಲಿ."

ಯಾವತ್ತೂ ಮಗನ ಪರವೇ ಮಾತಾಡುವ ಅತ್ತೆ ಹೊರಗೆ ಬಂದು ನನ್ನ ಪಕ್ಕ ನಿಂತರು. "ಕೆಳಗ ಇಳಿ ಹುಲುಗೇಶ. ಆಕಿ ಹೇಳೋದು ಖರೇ ಐತಿ. ಹೊಸಪೇಟಿಗೆ ಹೋಗಿ ಬೋಲ್ಟ್ ತಗಂಡು ಬಾ."

ಮುಖ ಗಂಟುಹಾಕಿಕೊಂಡು ಹೋದರು, ತಂದರು, ಕತ್ತಲಾಗುವ ಮುಂಚೆ ಬಿಗಿದರು. ಅಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಆದರೆ ಊಟಕ್ಕೆ ಕೂತಾಗ ಪಕ್ಕದ ಊರಿನ ಹೊನ್ನೂರಪ್ಪನಿಗೆ ಫೋನಲ್ಲಿ ಹೇಳುತ್ತಿದ್ದಾರೆ: "ನಾನೇ ಭಾಳ ವಿಚಾರ ಮಾಡಿ ಬೋಲ್ಟ್ ಹಾಕಿದ್ನಪ್ಪ."

ಇನ್ನೊಂದು ರೊಟ್ಟಿ ಕೇಳಿದರು. ನನಗೆ ಕೇಳಿಸಲಿಲ್ಲ ಅಂದುಕೊಳ್ಳಲಿ.