ಬಯ್ಯಪ್ಪನವರ ಕೋಟಿನ ಗುಂಡಿ

4-6-2006, ಭಾನುವಾರ

‘ಹಿತ್ತಾಳೆ ಗುಂಡಿಗಳನ್ನು ಗುರುತಿಸುವ ಬಗೆ’ — ಅಧ್ಯಾಯ ಮುಗಿಯಿತು. ಬೆಳಗಿನಿಂದ ಊಟದ ಮೇಜಿನ ತುಂಬ ಗುಂಡಿ, ಟೋಪಿಯ ಬಿಲ್ಲೆ, ಬೆಲ್ಟಿನ ಬಕಲ್. ತಟ್ಟೆ ಇಡಲು ಜಾಗವಿಲ್ಲದೆ ಹೆಂಡತಿ ಶ್ರೀವಲ್ಲಿ ನೆಲದ ಮೇಲೆ ಬಡಿಸಿದಳು. “ನಿಮ್ಮ ಶರ್ಟಿನ ಗುಂಡಿ ಹೋಗಿ ತಿಂಗಳಾಯ್ತು. ಅದರ ಮೇಲೆ ಯಾವ ಅಧ್ಯಾಯಾನೂ ಇಲ್ವಾ?” ಅಂದಳು. ಅಮ್ಮ ನಕ್ಕರು.

ಹಳೆಯ ಮಿಲಿಟರಿ ಸಾಮಾನು, ಸಮವಸ್ತ್ರ ಕೂಡಿಡುವವರಿಗೆ ಕನ್ನಡದಲ್ಲೊಂದು ಕೈಪಿಡಿ. ಬಹಳ ದಿನದ ಆಸೆ. ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಯಾವ ಕೋಟು ಯಾವ ದಳದ್ದು, ಯಾವ ಗುಂಡಿ ಯಾರದು ಎಂದು ಚಿತ್ರ ಹಾಕಿ ಹೇಳುವ ದಪ್ಪ ಪುಸ್ತಕಗಳು. ನನ್ನ ಬೀರುವಿನ ತುಂಬ ಅವೇ. ಕಾಲೇಜಿನ ಹುಡುಗರು ‘ಗುಂಡಿ ಮೇಷ್ಟ್ರು’ ಅನ್ನುತ್ತಾರೆ. ಅನ್ನಲಿ. ಶಿಡ್ಲಘಟ್ಟದ ಹಿಸ್ಟರಿ ಲೆಕ್ಚರರನ್ನು ಇನ್ನು ಯಾವುದಕ್ಕೆ ನೆನಪಿಟ್ಟುಕೊಳ್ಳುತ್ತಾರೆ?

10-6-2006

ಸ್ಟಾಫ್ ರೂಮಿನಲ್ಲಿ ಗಂಗರಾಜು ಒಂದು ಸುದ್ದಿ ಕೊಟ್ಟರು. ಎಕನಾಮಿಕ್ಸ್ ಗಂಗರಾಜು — ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಮಧ್ಯಾಹ್ನ ಡಬ್ಬಿ ಬಿಚ್ಚುವುದೂ ಒಟ್ಟಿಗೆ. “ನಮ್ಮ ತಾತ ಬಯ್ಯಪ್ಪ ಅಂತ, ಎರಡನೇ ಮಹಾಯುದ್ಧಕ್ಕೆ ಹೋಗಿದ್ರು ಸಾರ್. ಅವರ ಕೋಟು ಅಜ್ಜಿ ಪೆಟ್ಟಿಗೇಲಿ ಇದೆ. ಮನೆಯೋರನ್ನೂ ಮುಟ್ಟಕ್ಕೆ ಬಿಡಲ್ಲ. ನೀವು ಬಂದ್ರೆ ತೋರಿಸ್ತಾರೆ.”

ನಾಳೆಯೇ ಹೋಗುವುದು.

11-6-2006, ಭಾನುವಾರ

ಸಾದಲಿ. ಗಂಗರಾಜು ಅವರ ಊರು. ಅವರ ಬೈಕಿನಲ್ಲೇ ಹಿಂದೆ ಕೂತು ಹೋದೆ. ಊರಾಚೆಯ ಕೇರಿ. ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳ ಸೊಪ್ಪು ಮೇಯುವ ಸದ್ದು. ಗೋಡೆಯ ಮೇಲೆ ಬುದ್ಧನ ಪಟ. ಅಜ್ಜಿ ಗಂಗುಲಮ್ಮ ಕೈ ತೊಳೆದು ಬಂದು ಪೆಟ್ಟಿಗೆ ತೆಗೆದರು. ಬೇವಿನ ಸೊಪ್ಪಿನ ನಡುವೆ ಖಾಕಿ ಉಣ್ಣೆಯ ಕೋಟು. ಮಗುವನ್ನು ಎತ್ತಿಕೊಡುವಂತೆ ಕೊಟ್ಟರು.

“ಬರ್ಮಾಕ್ಕೆ ಹೋಗಿದ್ರು ನಾಯನಾ. ಬಂದಾಗ ಕಾಲು ಕುಂಟು. ಬಾಂಬಿನ ಚೂರು ಒಳಗೇ ಇತ್ತು. ಮಳೆ ಹಿಡೀತು ಅಂದ್ರೆ ನರಳೋರು.”

ಗುಂಡಿಗಳನ್ನು ನೋಡಿದೆ. ಕಿರೀಟದ ಗುರುತು. ಅಂಚಿಗೆ ಹಗ್ಗ ಹೊಸೆದಂಥ ಗೆರೆ. ಫೋಟೋ ತೆಗೆದೆ. ಕಾಫಿ ಕೊಟ್ಟರು, ಕುಡಿದೆ. ಮನೆಗೆ ಬಂದಾಗ “ಆ ಮನೇಲಿ ಏನಾದ್ರೂ ತಿಂದ್ಯಾ, ಕುಡಿದ್ಯಾ?” ಅಂತ ಅಮ್ಮ ಕೇಳಿದರು. “ಇಲ್ಲ” ಅಂದೆ.

ಸಂಜೆ ಇಂಗ್ಲಿಷ್ ಪುಸ್ತಕ ತೆಗೆದೆ. ಅದೇ ಕಿರೀಟ, ಅದೇ ಹಗ್ಗದ ಅಂಚು. ಪುಟದ ಅಡಿಯ ಪಟ್ಟಿಯಲ್ಲಿ ವಿವರಣೆ: ಅಧಿಕಾರಿಗಳ ಮೆಸ್ಸಿನ ಬೇರರ್‌ಗಳಿಗೆ ಕೊಡುತ್ತಿದ್ದ ಕೋಟಿನದು. ಓಹೋ… ಊಟ ಬಡಿಸುವವನು. ಸಿಪಾಯಿ ಅಲ್ಲ. ಪುಸ್ತಕ ಮುಚ್ಚಿದೆ. ಕೈಪಿಡಿಗೆ ಒಳ್ಳೆಯ ಉದಾಹರಣೆ ಸಿಕ್ಕಿತು ಅಂತ ಖುಷಿ.

22-7-2006, ಶನಿವಾರ

ಸಾದಲಿ ಹೋಬಳಿಯ ಸೈನಿಕರ ಹೆಸರು ಕೆತ್ತಿಸಿ ಶಾಲೆಯ ಮುಂದೆ ಕಲ್ಲು ನಿಲ್ಲಿಸುತ್ತಾರಂತೆ, ಆಗಸ್ಟ್ ಹದಿನೈದಕ್ಕೆ. ಸಮಿತಿಯ ಸಭೆಗೆ ನನ್ನನ್ನೂ ಕರೆದಿದ್ದರು — ಎಕ್ಸ್‌ಪರ್ಟ್ ಅಂತ. ಅಧ್ಯಕ್ಷ ಕೋನಪ್ಪನವರು ಒಂದೊಂದೇ ಹೆಸರು ಓದಿದರು. ಬಯ್ಯಪ್ಪನವರ ಹೆಸರು ಬಂದಾಗ ನನ್ನ ಕಡೆ ತಿರುಗಿದರು. “ಇವರ ಕಾಗದಪತ್ರ ಏನೂ ಉಳಿದಿಲ್ಲ. ಕೋಟು ನೀವು ನೋಡಿದ್ದೀರಂತೆ. ಏನಂತೀರಿ ಮೇಷ್ಟ್ರೇ?”

ಗಂಗರಾಜು ಮೂರನೇ ಸಾಲಿನಲ್ಲಿದ್ದರು. ನಗುತ್ತಿದ್ದರು. ನಾನು ಹೊಗಳುತ್ತೇನೆ ಅಂದುಕೊಂಡಿದ್ದರು.

“ಗುಂಡಿ ನೋಡಿದರೆ ಮೆಸ್ಸಿನ ಬೇರರ್ ಕೋಟು. ಸಿಪಾಯಿ ಅಂತ ಹೇಳಕ್ಕಾಗಲ್ಲ” ಅಂದೆ.

ಹಿಂದಿನಿಂದ ಯಾರೋ, “ಅಂಗನ್ನಿ! ತಟ್ಟೆ ತೊಳೆಯಕ್ಕೆ ಬರ್ಮಾವರೆಗೂ ಹೋಗಿದ್ನಾ?” ಅಂದರು. ಸಭೆಯೆಲ್ಲ ನಗು. ನಾನೂ… ತುಟಿ ಸ್ವಲ್ಪ ಅರಳಿತು. ಅದನ್ನು ಗಂಗರಾಜು ನೋಡಿದರು. ಎದ್ದು ಹೋದರು.

ಹೆಸರು ಹೊಡೆದುಹಾಕಿದರು.

24-7-2006

ಡಬ್ಬಿ ತೆಗೆದುಕೊಂಡು ಹೋಗಿ ಎದುರು ಕೂತೆ. ಗಂಗರಾಜು ಆಗಲೇ ಊಟ ಮುಗಿಸಿದ್ದರು. “ಇದ್ದದ್ದು ಹೇಳಿದೆ ಗಂಗರಾಜು. ಪುಸ್ತಕದಲ್ಲಿ ಹಾಗೇ ಇದೆ” ಅಂದೆ.

“ಬೇರರ್ರೇ ಅನ್ನಿ ಸಾರ್. ಇವನು ಬೇರರ್, ಪಾಪ ಅಂತ ಬಾಂಬು ಬಿಟ್ಟುಬಿಡ್ತಾ?” ಖಾಲಿ ಡಬ್ಬಿ ಚೀಲಕ್ಕೆ ಹಾಕಿಕೊಂಡರು. “ಅಜ್ಜಿಗೆ ಇನ್ನೂ ಹೇಳಿಲ್ಲ. ಹೆಂಗೆ ಹೇಳ್ಲಿ?”

ಡಬ್ಬಿ ಹಾಗೇ ವಾಪಸ್ ತಂದೆ.

15-8-2006

ಬರೆಯಬಾರದು ಅನ್ನಿಸುತ್ತಿದೆ. ಬರೆಯುತ್ತೇನೆ.

ಶಾಮಿಯಾನದ ಕೆಳಗೆ ಮೊದಲ ಸಾಲಿನಲ್ಲಿ ಗಂಗುಲಮ್ಮ. ಹೊಸ ಸೀರೆ. ತೊಡೆಯ ಮೇಲೆ ಮಡಿಸಿಟ್ಟ ಕೋಟು. ಗಂಗರಾಜು ಇಲ್ಲ. ಮೊಮ್ಮಗನನ್ನು ಕೇಳದೆ ತಾವೇ ನಡೆದು ಬಂದಿದ್ದಾರೆ. ನನ್ನನ್ನು ಕಂಡು ಪಕ್ಕದ ಕುರ್ಚಿ ಒರೆಸಿದರು. “ಕುಂತ್ಕೋ ನಾಯನಾ.”

ಹೆಸರು ಓದತೊಡಗಿದರು. ಒಂದೊಂದಕ್ಕೂ ಒಬ್ಬೊಬ್ಬರು ಎದ್ದು ಹೋಗಿ ಹಾರ ಹಾಕಿಸಿಕೊಂಡು ಬರುತ್ತಿದ್ದರು. ಅಜ್ಜಿ ನನ್ನ ಕಡೆ ಬಾಗಿ ಕೇಳಿದರು — “ನಮ್ಮೋರದು ಕೊನೇಲಿ ಓದ್ತಾರಾ?”

“ಓದ್ತಾರಮ್ಮ” ಅಂದೆ.

ಯಾಕೆ ಅಂದೆ? ಇಲ್ಲ ಅನ್ನಲು ಬಾಯಿ ಬರಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದವನು ಶಾಲೆಯ ಹಿಂದಿನಿಂದ ಬಸ್ ಸ್ಟಾಂಡಿಗೆ ನಡೆದೆ. ಮೈಕಿನ ಸದ್ದು ಅಲ್ಲಿಗೂ ಕೇಳುತ್ತಿತ್ತು. ಬಸ್ಸು ಬೇಗ ಬರಲೆಂದು ಬೇಡಿಕೊಂಡೆ.

8-10-2006, ಭಾನುವಾರ

ಇಷ್ಟು ದಿನ ಏನೂ ಬರೆದಿಲ್ಲ. ಕೈಪಿಡಿ ಹೊರಬಂತು. ಚೆನ್ನಾಗಿದೆ ಅನ್ನುತ್ತಾರೆ. ಗಂಗರಾಜು ಬೇರೆ ಮೇಜಿಗೆ ಹೋಗಿದ್ದಾರೆ.

ಬೆಳಿಗ್ಗೆ ಚಿಂತಾಮಣಿಯಿಂದ ಯಾರೋ ಓದುಗರ ಫೋನು. ಅವರ ಬಳಿಯೂ ಅಂಥದೇ ಗುಂಡಿ ಇದೆಯಂತೆ, ಅಂಚು ಸಾದಾ. ಯಾರದು ಸಾರ್ ಅಂದರು. ನೋಡಿ ಹೇಳುತ್ತೇನೆಂದು ಆ ಇಂಗ್ಲಿಷ್ ಪುಸ್ತಕ ಮತ್ತೆ ತೆಗೆದೆ.

ಆ ಪುಟದಲ್ಲಿ ಚಿತ್ರಗಳ ಕ್ರಮ ಅಡ್ಡಕ್ಕೆ ಹೋಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ನಾನು ಅಡ್ಡಕ್ಕೆ ಓದಿದ್ದೆ. ಪಕ್ಕದ ಗುಂಡಿಯ ವಿವರಣೆಯನ್ನು ಬಯ್ಯಪ್ಪನವರ ಗುಂಡಿಗೆ ಹಚ್ಚಿದ್ದೆ. ಸಾದಾ ಅಂಚಿನದು ಬೇರರ್‌ಗಳದು. ಹಗ್ಗದ ಅಂಚಿನದು ಸಿಪಾಯಿಗಳದು.

ಉಳಿದ ಪುಸ್ತಕಗಳನ್ನೂ ತೆಗೆದೆ. ಎಲ್ಲದರಲ್ಲೂ ಹಾಗೇ ಇದೆ. ಸಿಪಾಯಿ.

ನನ್ನ ಕೈಪಿಡಿಯಲ್ಲಿ ಕೋಟಿನ ಫೋಟೋ ಅರ್ಧ ಪುಟ ಬಂದಿದೆ. ಕೆಳಗೆ ನನ್ನ ಮಾತು — ‘ಬೇರರ್ ಕೋಟು. ಮನೆಯವರು ಸಿಪಾಯಿಯದೆಂದು ಹೇಳಿಕೊಳ್ಳುವುದುಂಟು, ಸಂಗ್ರಾಹಕರು ಮೋಸಹೋಗಬಾರದು.’

ಮೋಸ ಎಂದು ಬರೆದಿದ್ದೇನೆ.

ಅದೇ ಸಂಜೆ

ತಲೆಯಲ್ಲಿ ಅದೇ ಕೊರೆಯುತ್ತಿದೆ. ಗೌರಿಬಿದನೂರಿನ ರೈಸ್ ಮಿಲ್ಲಿನವರ ಮನೆಯ ಕೋಟು ನೋಡಿದಾಗ ಮೂರು ಪುಸ್ತಕ ತಿರುವಿದ್ದೆ, ಬೆಂಗಳೂರಿಗೂ ಫೋನು ಮಾಡಿದ್ದೆ. ಚಿಕ್ಕಬಳ್ಳಾಪುರದ ವಕೀಲರ ತಾತನದಕ್ಕೂ ಹಾಗೇ. ಇದಕ್ಕೆ ಮಾತ್ರ ಒಂದೇ ಪುಸ್ತಕ. ‘ಊಟ ಬಡಿಸುವವನು’ ಅಂತ ಕಂಡದ್ದೇ ಮುಚ್ಚಿದೆ. ಅನುಮಾನವೇ ಬರಲಿಲ್ಲ. ನಾನು ಕಾಯುತ್ತಿದ್ದ ಉತ್ತರವೇ ಸಿಕ್ಕಿದ ಹಾಗಿತ್ತು.

ಶ್ರೀವಲ್ಲಿಗೆ ಹೇಳಿದೆ. “ನನಗೆ ಹೇಳಿದ್ರೆ ಏನು ಬಂತು?” ಅಂದಳು.

9-10-2006

ಗಂಗರಾಜು ಅವರ ಮೇಜಿನ ಬಳಿ ನಿಂತು ಎಲ್ಲ ಹೇಳಿದೆ. ಕೂತ್ಕೊಳ್ಳಿ ಅನ್ನಲಿಲ್ಲ. ಪುಸ್ತಕ ಮುಂದೆ ಹಿಡಿದರೆ ನೋಡಲಿಲ್ಲ.

“ನಮ್ಮ ತಾತ ಸಿಪಾಯಿ ಅಂತ ನನಗೆ ಗೊತ್ತಿತ್ತು ಸಾರ್. ನನಗ್ಯಾಕೆ ತೋರಿಸ್ತೀರಿ? ಆವತ್ತು ಯಾರ ಮುಂದೆ ಹೇಳಿದ್ರೋ ಅವರ ಮುಂದೆ ಹೇಳಿ. ಅಜ್ಜಿಗೂ ಹೇಳಿ.”

5-11-2006, ಭಾನುವಾರ

ಸಮಿತಿ ಸೇರಿತ್ತು. ಎದ್ದು ನಿಂತು ಹೇಳಿದೆ. ಪುಸ್ತಕ ಮೇಜಿನ ಮೇಲಿಟ್ಟೆ. ಕೋನಪ್ಪನವರು ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಮಾತು ನಂಬಿ ನಾವು ಒಂದು ಮನೆ ಮಾನ ಕಳೆದ್ವಲ್ಲ ಮೇಷ್ಟ್ರೇ!” ಅವತ್ತು ನಕ್ಕವರು ಇವತ್ತು ನನ್ನನ್ನೇ ನೋಡುತ್ತಿದ್ದರು. ಜನವರಿ ಇಪ್ಪತ್ತಾರಕ್ಕೆ ಕಲ್ಲಿನಲ್ಲಿ ಹೆಸರು ಸೇರಿಸುವುದೆಂದು ಒಪ್ಪಿದರು. ಅವತ್ತು ನಾನೇ ಓದಬೇಕು.

ಅಲ್ಲಿಂದ ಕೇರಿಗೆ ಹೋದೆ. ಗಂಗುಲಮ್ಮ ಹುಳದ ಮನೆಯಲ್ಲಿದ್ದರು. ಮೈಮೇಲೆ ಆ ಕೋಟು. ತೋಳಿನ ತುಂಬ ಹಿಪ್ಪುನೇರಳೆ ಸೊಪ್ಪಿನ ಕಲೆ. ಒಂದು ಗುಂಡಿ ಕಿತ್ತುಹೋಗಿದೆ.

“ಚಳಿ” ಅಂದರು. “ಬೇರರ್ ಕೋಟಂತಲ್ಲ, ಪೆಟ್ಟಿಗೇಲಿ ಯಾಕಿರಬೇಕು? ಊರಲ್ಲಿ ಬೇರರ್ ಬಯ್ಯಪ್ಪನ ಹೆಂಡ್ತಿ ಅಂತಾರೆ ನನ್ನ.”

ತಪ್ಪು ಓದಿದೆ ಅಂದೆ. ಸಿಪಾಯಿ ಗುಂಡಿಯೇ ಅಂದೆ. ಪುಸ್ತಕ, ಸಾಲು, ಅಡ್ಡ, ಉದ್ದ — ಏನೇನೋ ಹೇಳಿದೆ. ಸೊಪ್ಪು ಹರಡುತ್ತ ಕೇಳಿಸಿಕೊಂಡರು.

“ಗುಂಡಿ ವಿಚಾರ ನಿಂಗೇ ಗೊತ್ತಿಲ್ಲ, ನಂಗೇನು ಗೊತ್ತು? ಆವತ್ತು ಓದ್ತಾರೆ ಅಂದ್ಯಲ್ಲ. ಶಾಮಿಯಾನದ ಗೂಟ ಕೀಳೋವರೆಗೂ ಕುಂತಿದ್ದೆ ನಾಯನಾ. ಗೂಟ ಕೀಳೋ ಹುಡುಗ್ರು ಏಳಮ್ಮ ಅಂದ್ರು. ಇಲ್ಲಪ್ಪಾ, ಮೇಷ್ಟ್ರು ಹೇಳವ್ರೆ, ಇನ್ನೂ ಒಂದು ಹೆಸರೈತೆ ಅಂದೆ.”

ಕಾಲು ಮುಟ್ಟಲು ಬಾಗಿದೆ. ಹಿಂದೆ ಸರಿದರು. “ಹುಳ ತುಳೀತೀಯ, ಏಳು.”

26-1-2007

ಓದಿದೆ. ‘ಬಯ್ಯಪ್ಪ, ಸಾದಲಿ. ಬರ್ಮಾ ಯುದ್ಧದಲ್ಲಿ ಗಾಯಗೊಂಡ ಸಿಪಾಯಿ.’ ನನ್ನ ತಪ್ಪನ್ನೂ ಮೈಕಿನಲ್ಲೇ ಹೇಳಿದೆ. ಚಪ್ಪಾಳೆ ಬಿತ್ತು — ಆ ಹೆಸರಿಗೋ ನನಗೋ ತಿಳಿಯಲಿಲ್ಲ. ನನಗಾಗಿದ್ದರೆ ಬೇಡವಾಗಿತ್ತು.

ಗಂಗುಲಮ್ಮ ಬರಲಿಲ್ಲ. ಹುಳ ನಾಲ್ಕನೇ ಜ್ವರಕ್ಕೆ ಕೂತಿದೆ, ಪೊರೆ ಬಿಡೋ ಹೊತ್ತು, ಬಿಟ್ಟು ಬರಕ್ಕಾಗಲ್ಲ ಅಂತ ಹೇಳಿಕಳಿಸಿದ್ದರು. ಹಾರ ಗಂಗರಾಜು ತೆಗೆದುಕೊಂಡರು. ಇಳಿಯುವಾಗ ನನ್ನ ಪಕ್ಕದಲ್ಲೇ ಹಾದುಹೋದರು. ತಲೆ ಮಾತ್ರ ಒಮ್ಮೆ ಆಡಿಸಿದರು. ಅಷ್ಟಕ್ಕೂ ನಾನು ಯೋಗ್ಯನೋ ಅಲ್ಲವೋ.

28-1-2007, ಭಾನುವಾರ

ಪ್ರಕಾಶಕರ ಫೋನು. ಉಳಿದಿರುವ ಪ್ರತಿಗಳಿಗೆಲ್ಲ ಆ ಪುಟದಲ್ಲಿ ಒಂದು ತಿದ್ದುಪಡಿ ಅಂಟಿಸುತ್ತಾರಂತೆ. “ಅಚ್ಚಿನ ತಪ್ಪು ಅಂತ ಹಾಕಿಬಿಡೋಣ ಅಚ್ಯುತ್ ಅವರೇ. ಎಲ್ಲರೂ ಹಾಗೇ ಹಾಕ್ತಾರೆ. ನಿಮ್ಮ ಹೆಸರಿಗೂ ಧಕ್ಕೆ ಇಲ್ಲ.”

ಬೇಡ ಅಂದೆ. ನಾನೇ ಬರೆದು ಕಳಿಸುತ್ತೇನೆ ಅಂದೆ. ಆಗಿನಿಂದ ಬರೆದು ಹೊಡೆದು ಹಾಕುತ್ತಿದ್ದೇನೆ. ಶ್ರೀವಲ್ಲಿ ಎರಡು ಸಲ ಊಟಕ್ಕೆ ಕರೆದಳು. ಇಲ್ಲಿ ಮೊದಲು ಬರೆದು ನೋಡುತ್ತೇನೆ, ಸರಿ ಬಂದರೆ ಕಳಿಸುವುದು —

‘ಈ ಕೋಟು ಸಾದಲಿಯ ಸಿಪಾಯಿ ಬಯ್ಯಪ್ಪನವರದು. ಇಲ್ಲಿ ಆಗಿರುವುದು ಅಚ್ಚಿನ ತಪ್ಪಲ್ಲ, ನನ್ನ ತಪ್ಪು. ಉಳಿದ ಕೋಟುಗಳಿಗೆ ಮೂರು ಪುಸ್ತಕ ನೋಡಿದ ನಾನು ಇದಕ್ಕೆ ಒಂದೇ ಪುಸ್ತಕ ನೋಡಿದೆ. ಏಕೆಂದರೆ ಈ ಕೋಟು ಇದ್ದ ಮನೆ ಊರಾಚೆಯ ಕೇರಿಯಲ್ಲಿತ್ತು.’