ನೀವು ಕೊಡದೆ ಉಳಿಸಿದ ಉತ್ತರ

ಮೇಷ್ಟ್ರೇ,

'ಪೂಜ್ಯ' ಎಂದು ಬರೆಯಲು ಕೈ ಬರಲಿಲ್ಲ. ಒಪ್ಪದ ಮಾತನ್ನು ಮರ್ಯಾದೆಗಾಗಿ ಬರೆಯಬಾರದೆಂದು ಕಲಿಸಿದವರು ನೀವೇ ಆದ್ದರಿಂದ, ಇದನ್ನು ಉದ್ಧಟತನವೆಂದು ತಿಳಿಯುವ ಹಕ್ಕು ನಿಮಗಿಲ್ಲ.

ನಿನ್ನೆ ತತ್ತ್ವಶಾಸ್ತ್ರ ವಿಭಾಗದ ಮೆಟ್ಟಿಲ ಮೇಲೆ ಮೊದಲ ವರ್ಷದ ಹುಡುಗಿಯೊಬ್ಬಳು ನನ್ನನ್ನು ನಿಲ್ಲಿಸಿದಳು. "ಅಕ್ಕಾ, ನೀವು ಓದಿದ್ರಿ, ಫಸ್ಟೂ ಬಂದ್ರಿ. ನಮಗೆ ಮಾತ್ರ ಆ ಕೋರ್ಸು ಬೇಡ ಅಂತ ಯಾಕೆ ಹೇಳಿದ್ರಿ?" ಎಂದಳು. ಜಗಳಕ್ಕೆ ಬಂದಿದ್ದರೆ ಗೆದ್ದುಬಿಡುತ್ತಿದ್ದೆ. ಅವಳು ನಿಜವಾಗಿಯೂ ತಿಳಿಯದೆ ಕೇಳಿದ್ದಳು. ದಂತವೈದ್ಯರ ಬಳಿ ಕೆಲಸ ಮಾಡುವ ನನ್ನ ಅಕ್ಕ, "ನಿನ್ನ ಬಾಯಿ ಮುಚ್ಚಿಸೋ ಸಾಮಾನು ನಮ್ಮ ಕ್ಲಿನಿಕ್ಕಲ್ಲೂ ಇಲ್ಲ ಕಣೇ" ಎಂದು ಹಂಗಿಸುವವಳು. ಸಂಜೆ ನಾನು ತಟ್ಟೆಯ ಮುಂದೆ ಮೌನವಾಗಿ ಕೂತದ್ದನ್ನು ಕಂಡು ಹಣೆ ಮುಟ್ಟಿ ಜ್ವರ ನೋಡಿದಳು. ಇದು ಜ್ವರವಲ್ಲ, ಸಿಟ್ಟು. ಅದು ಇಳಿಯುವ ಮೊದಲೇ ಬರೆಯುತ್ತಿದ್ದೇನೆ.

ನಿಮ್ಮ ತರಗತಿಯ ಕಟ್ಟಳೆ ನಿಮಗೇ ಮರೆತಿರುವಂತಿದೆ. ಯಾರನ್ನಾದರೂ ಖಂಡಿಸುವ ಮೊದಲು ಅವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು; "ಹೌದು, ನಾನು ಹೇಳಿದ್ದು ಇದೇ" ಎಂದು ಎದುರಿನವರು ಒಪ್ಪಿದ ಮೇಲೆಯೇ ಉತ್ತರ. ಅದಕ್ಕೆ ಪೂರ್ವಪಕ್ಷವೆಂಬ ಹೆಸರನ್ನೂ ನೀವೇ ತಿಳಿಸಿದಿರಿ. ಕಿಟಕಿ ಸರಿಯಾಗಿ ಮುಚ್ಚದ ಆ ಕೋಣೆಯಲ್ಲಿ ನಾನು ಬೌದ್ಧರ ಪರ ನಿಂತು ಆತ್ಮವಿಲ್ಲವೆಂದೆ, ಮರುವಾರ ಅರಬ್ ದಾರ್ಶನಿಕರ ಪರ ನಿಂತು ಇದೆಯೆಂದೆ. ಎರಡು ಸಲವೂ ನೀವು ಮೇಜು ತಟ್ಟಿದಿರಿ.

ಹಲವು ನಾಡುಗಳ ದರ್ಶನಪರಂಪರೆಗಳನ್ನು ಒಟ್ಟಿಗೆ ಓದಿಸುವ ಆ ಕೋರ್ಸನ್ನು ತೆಗೆಯುವ ಸಭೆಗೆ ಕರೆ ಬಂದಾಗ ನೀವೇ ನನ್ನನ್ನು ಜತೆಗೆ ಕರೆದಿರಿ. "ಪೂರ್ವಪಕ್ಷ ನೀನು ಹೇಳಮ್ಮ. ಚೂರೂ ಬಿಡಬೇಡ. ಉತ್ತರ ನನಗೆ ಬಿಡು" ಎಂದಿರಿ. ನಾನು ಹೇಳಿದೆ. ಓದಲು ಬರುವವರು ಕಡಿಮೆಯೆಂದೆ. ಎಲ್ಲವನ್ನೂ ಚೂರುಚೂರು ಮುಟ್ಟಿದವರಿಗೆ ಯಾವುದೂ ಆಳವಾಗಿ ದಕ್ಕುವುದಿಲ್ಲವೆಂದೆ. ಮೂಲಭಾಷೆ ಅರಿಯದೆ ಒಂದು ಪರಂಪರೆಯನ್ನು ಓದುವುದು ಮನೆಯ ಹೊರಗೆ ನಿಂತು ಕಿಟಕಿ ಎಣಿಸಿದಂತೆ ಎಂದೆ. ಪ್ರಾಂಶುಪಾಲರ ಮುಖ ಅರಳಿತು. "ನಮಗೇ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ ಕಣಮ್ಮ. ಓದಿದ ಮಕ್ಕಳೇ ಬೇಡ ಅಂದಮೇಲೆ ನಮ್ಮದೇನಿದೆ?" ಎಂದರು. ಎಲ್ಲರೂ ನಕ್ಕರು. ನಾನು ನಿಶ್ಚಿಂತೆಯಿಂದ ನಿಮ್ಮತ್ತ ತಿರುಗಿದೆ.

ನೀವು ಕನ್ನಡಕ ಒರೆಸುತ್ತಿದ್ದಿರಿ. ಬಹಳ ಹೊತ್ತು ಒರೆಸಿದಿರಿ. ಕೊನೆಗೆ, "ಅವಳು ಹೇಳಿದ್ದರಲ್ಲಿ ಯೋಚನೆ ಮಾಡುವಂಥದ್ದಿದೆ" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು, ಕೋರ್ಸು ಹೋಯಿತು.

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಹೊರಗೆ ಬಂದು ನನ್ನ ಹೆಗಲು ತಟ್ಟಿ ನೀವು ಆಡಿದ ಮಾತಿದೆಯಲ್ಲ, "ಅಷ್ಟು ಚೆನ್ನಾಗಿ ಹೇಳಿಬಿಟ್ಟೆಯಲ್ಲಮ್ಮ, ನನಗೇ ಉತ್ತರ ಹೊಳೀಲಿಲ್ಲ" ಎಂದು, ಅದು ಗಂಟಲಿನಿಂದ ಕೆಳಗಿಳಿಯುತ್ತಿಲ್ಲ. ನಿಮ್ಮ ಅಂಜಿಕೆಯನ್ನು ಹೊಗಳಿಕೆಯ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟಿರಿ. ನಾನು ದಡ್ಡಿಯಾಗಿ ತೊದಲಿದ್ದರೆ ನೀವು ಮಾತಾಡುತ್ತಿದ್ದಿರಾ? ನಾನು ಜಾಣೆ, ಮೇಷ್ಟ್ರೇ, ಅದಕ್ಕೆ ನಾಚುವವಳಲ್ಲ. ನನ್ನ ಜಾಣತನ ನಿಮಗೆ ನೆಪವಾಗಲು ಬಿಡುವವಳೂ ಅಲ್ಲ.

ಉತ್ತರ ನಿಮಗೆ ಗೊತ್ತಿತ್ತು, ಏಕೆಂದರೆ ನನಗೆ ಅದನ್ನು ಕಾಣಿಸಿದವರು ನೀವು. ಹೊಗೆಯಿರುವಲ್ಲಿ ಬೆಂಕಿಯಿದೆ ಎಂದ ಮೇಲೆ 'ಅಡುಗೆಮನೆಯಲ್ಲಿ ಕಂಡಂತೆ' ಎಂಬ ಉದಾಹರಣೆಯನ್ನೂ ಕೇಳುತ್ತದೆ ನಮ್ಮವರ ತರ್ಕಶಾಸ್ತ್ರವಾದ ನ್ಯಾಯದರ್ಶನ. ಗ್ರೀಕರ ತರ್ಕ ಅದನ್ನು ಕೇಳುವುದಿಲ್ಲ. ಆ ಅಡುಗೆಮನೆ ಬಾಲಿಶವೆಂದು ನಾನು ನಕ್ಕಿದ್ದೆ. "ರುಜುವಾತು ಯಾರಿಗೋಸ್ಕರ? ನಿನಗೋ, ಎದುರಿಗೆ ಕೂತವನಿಗೋ?" ಎಂದು ಕೇಳಿದಿರಿ. ಆ ಪ್ರಶ್ನೆ ಗ್ರೀಕರನ್ನಷ್ಟೇ ಓದಿದ್ದರೆ ನಮ್ಮ ನಡುವೆ ಹುಟ್ಟುತ್ತಿರಲಿಲ್ಲ, ನ್ಯಾಯವನ್ನಷ್ಟೇ ಓದಿದ್ದರೂ ಹುಟ್ಟುತ್ತಿರಲಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟಾಗ ಹುಟ್ಟಿತು. ಆಳವಿಲ್ಲವೆಂದವರಿಗೆ ಇಷ್ಟು ಹೇಳಿದ್ದರೆ ಸಾಕಿತ್ತು. ಚಹಾ ಆರುವುದರೊಳಗೆ ಮುಗಿಯುವ ಮಾತು.

ಸೋಮವಾರ ವಿಶ್ವವಿದ್ಯಾಲಯದ ಮಂಡಳಿ ಸೇರುತ್ತದೆ. ಅದು ಒಪ್ಪಿದರಷ್ಟೇ ಈ ತೀರ್ಮಾನ ಗಟ್ಟಿ. ಮಾತಾಡಲು ಅವಕಾಶ ಕೇಳಿದ್ದೇನೆ. ಕಚೇರಿಯ ಗುಮಾಸ್ತರು ನನ್ನ ಮುಖ ನೋಡಿ, "ನೀನೇ ಅಲ್ವೇನಮ್ಮ ಬೇಡ ಅಂದೋಳು? ಮನಸ್ಸು ಬದಲಾಯ್ತಾ?" ಎಂದರು. ಅಲ್ಲಿಯೂ ಹೀಗೆಯೇ ಕೇಳುತ್ತಾರೆ. "ಅದು ನಾನು ಒಪ್ಪಿಸಿದ ಕೆಲಸ, ಅವಳ ಮತವಲ್ಲ" ಎಂಬ ಒಂದು ವಾಕ್ಯವನ್ನು ನೀವು ಎದ್ದು ನಿಂತು ಹೇಳಿದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಬರದಿದ್ದರೂ ಹೋಗುತ್ತೇನೆ. ಎರಡು ನಾಲಿಗೆಯವಳೆಂದು ಮಂಡಳಿ ನಗುತ್ತದೆ. ನಗು ಮುಗಿಯುವವರೆಗೆ ನಿಂತಿದ್ದು, ಆಮೇಲೆ ಮಾತು ಶುರುಮಾಡುತ್ತೇನೆ. ಮೆಟ್ಟಿಲ ಮೇಲೆ ನಿಲ್ಲಿಸಿದ ಆ ಹುಡುಗಿಯನ್ನೂ ಬರಹೇಳಿದ್ದೇನೆ. ಅವಳಿಗೆ ನಾನು ಉತ್ತರ ಕೊಡಬೇಕಾಗಿದೆ.

ನಿಮ್ಮಿಂದ ಕಲಿತದ್ದನ್ನು ಹಿಂದಿರುಗಿಸಲಾರೆ, ಅದಕ್ಕಾಗಿ ನಮಸ್ಕರಿಸುತ್ತೇನೆ. ನಿಮಗೆ ಆಯುಸ್ಸಿರಲಿ, ಆರೋಗ್ಯವಿರಲಿ. ಸೋಮವಾರದ ಹೊತ್ತಿಗೆ ದನಿಯೂ ಬರಲಿ.

ಇನ್ನೂ ನಿಮ್ಮ ವಿದ್ಯಾರ್ಥಿನಿಯೇ ಆಗಿರುವ,
ನಾನು